ಬೀರಯ್ಯನ ಸಲಾಕೆ

ಕೆಲಸದ ಜಾಗಕ್ಕೆ ಹೆಂಡತಿಯನ್ನು ಕರೆತರುವ ನೌಕರ ಇಡೀ ಮೈಸೂರಿನ ನೀರಿನ ಇಲಾಖೆಯಲ್ಲಿ ಬೀರಯ್ಯ ಒಬ್ಬನೇ. ಇವತ್ತೂ ಸಿದ್ದಲಿಂಗಮ್ಮ ಅವನ ಜೊತೆ ವಿದ್ಯಾರಣ್ಯಪುರಂವರೆಗೆ ಕಾಲೆಳೆದುಕೊಂಡು ಬಂದಿದ್ದಳು. ಹೊಸ ಓವರ್‌ಸಿಯರ್ ಸುಂದರೇಶನ ಮೈ ಉರಿಯಿತು.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆ. ನೆಲದಡಿಯ ಪೈಪು ಎಲ್ಲೋ ಒಡೆದು, ಆ ಬೀದಿಯ ಮಂಗಳಮ್ಮನವರ ಅಡುಗೆಮನೆ ಗೋಡೆ ಎದೆಮಟ್ಟ ನೆಂದಿತ್ತು. ಬಚ್ಚಲ ನೀರು ಹೊರಗೆ ಹೋಗುವ ಬದಲು ಒಳಗೆ ಬರುತ್ತಿತ್ತು. ಇಲಾಖೆಯವರು ಎರಡು ಕಡೆ ಅಗೆದು ಬರೀ ಮಣ್ಣು ಕಂಡಿದ್ದರು. ಇಂಥ ಹೊತ್ತಿಗೆ ಬೀರಯ್ಯನೇ ಬೇಕು. ಕಬ್ಬಿಣದ ಸಲಾಕೆಯ ಒಂದು ತುದಿ ನೆಲಕ್ಕೆ, ಇನ್ನೊಂದು ಕಿವಿಗೆ. ಪೈಪು ಎಲ್ಲಿ ಸೋರುತ್ತಿದೆಯೆಂದು ಗೆರೆ ಎಳೆದು ತೋರಿಸುತ್ತಾನೆಂದು ಹೆಸರು.

ಪಿಂಚಣಿಗೆ ಇನ್ನೆರಡು ವರ್ಷ ಬಾಕಿ. ಅದಕ್ಕೆ ಮೊದಲೇ ಕೆಲಸ ಹೋದರೆ ಇಲಾಖೆ ಕೊಟ್ಟ ಮನೆಯೂ ಹೋಗುತ್ತದೆ. ಹೇಗಾದರೂ ದಿನ ದೂಡಿದರೆ ಸಾಕೆಂದು ಗಂಡ ಹೆಂಡತಿ ಇಬ್ಬರ ಮುಖದಲ್ಲೂ ಬರೆದಂತಿತ್ತು.

"ಅದು ಹೇಗೆ ಕೇಳಿಸುತ್ತೆ ರೀ?" ಸುಂದರೇಶ ಕೇಳಿದ.

ಬೀರಯ್ಯ ಸಲಾಕೆ ಒರೆಸುತ್ತಲೇ ಇದ್ದ. ಸಿದ್ದಲಿಂಗಮ್ಮ ಬಾಯಿ ಹಾಕಿದಳು. "ಅನ್ನ ಕುದ್ಯೋ ಸದ್ದಿನಂಗೆ, ಸ್ವಾಮಿ. ಕೆಲ್ಸದ ಹೊತ್ನಲ್ಲಿ ಅವ್ರು ಮಾತಾಡಾಕಿಲ್ಲ."

"ನಿಮ್ಮನ್ನಲ್ಲ ಕೇಳಿದ್ದು. ದೂರ ಹೋಗಿ ಕೂತ್ಕೊಳ್ಳಿ. ಇವತ್ತು ತಪ್ಪಿದ್ರೆ ಇವರ ಮೇಲೆ ರಿಪೋರ್ಟ್ ಬರೀತೀನಿ."

ಹೋದಳು. ಬಿಸಿಲಿಗೆ ಬೆಂದ ಮುಖ, ನಿದ್ದೆ ಕಾಣದ ಕಣ್ಣು. ಬೀದಿ ನಲ್ಲಿಯ ಪೈಪಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಎದ್ದು, ಮುಂದಿನ ನಲ್ಲಿಗೂ ಹಾಗೇ ಒರಗಿದಳು. ಕೊನೆಗೆ ಎರಡರ ನಡುವೆ ರಸ್ತೆ ಬದಿಯಲ್ಲೇ ಸೆರಗು ಹಾಸಿ ಅಡ್ಡಾದಳು.

"ಪಾಪ, ಸುಸ್ತಾಗ್ಬುಟ್ಟಿದೆ ಕಣ್ರೀ," ಎಂದರು ಮಂಗಳಮ್ಮ. ನಡುಬೀದಿಯಲ್ಲಿ ಇಲಾಖೆಯ ಮಾನ ಹೋಯಿತೆಂದು ಸುಂದರೇಶ ಹಲ್ಲು ಕಡಿದ.

ಬೀರಯ್ಯ ಮಾರಿಗೊಂದು ಕಡೆ ಸಲಾಕೆ ಊರುತ್ತ, ಪ್ರತಿ ಸಲವೂ ಹೆಂಡತಿಯತ್ತ ಕದ್ದು ನೋಡುತ್ತ ಬಂದ. ಹೆಂಡತಿಗೆ ಇಷ್ಟು ಹೆದರುವ ಗಂಡಸನ್ನು ಸುಂದರೇಶ ಕಂಡಿರಲಿಲ್ಲ. ಸಿದ್ದಲಿಂಗಮ್ಮ ಎದ್ದು ಕೂತು ಎಲೆಯಡಿಕೆ ಚೀಲ ಬಿಚ್ಚಿದಳು. ಬೀರಯ್ಯ ಅವಳ ಪಕ್ಕದಲ್ಲೇ ಸಲಾಕೆ ಊರಿ, ಕಿವಿಗಿಟ್ಟು, ತಲೆಯಾಡಿಸಿದ.

"ಇಲ್ಲಿ ಅಗೀರಿ."

ಕೂಲಿಯಾಳುಗಳು ಮೂರಡಿ ಅಗೆಯುವಷ್ಟರಲ್ಲಿ ನೀರು ಚಿಮ್ಮಿತು.

ಸುಂದರೇಶನ ಸಿಟ್ಟು ಇಳಿದುಹೋಯಿತು. ಸುಮ್ಮನೆ ರೇಗಿದೆನಲ್ಲ ಎಂದು ನಾಚಿಕೆಯೂ ಆಯಿತು. ಸೈಕಲ್ ಹಿಡಿದು ಸಿದ್ದಲಿಂಗಮ್ಮನ ಹತ್ತಿರ ಬಂದ.

"ಇಂಥ ಕಿವಿ ಮೈಸೂರಲ್ಲೇ ಇಲ್ಲಮ್ಮ. ಅವರ ಮೇಲೆ ನಂದೇನೂ ತಕರಾರಿಲ್ಲ. ಈ ವಯಸ್ಸಲ್ಲಿ ನೀವ್ಯಾಕೆ ಬಿಸಿಲಲ್ಲಿ ಅಲೀಬೇಕು? ನಾಳೆಯಿಂದ ಆರಾಮಾಗಿ ಮನೇಲಿರಿ, ಅವರೊಬ್ಬರೇ ಬರಲಿ. ಆರ್ಡರ್ ಅಂತಲೇ ತಿಳ್ಕೊಳ್ಳಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿ, ಸೈಕಲ್ ಹತ್ತಿ ಹೊರಟುಹೋದ.

ಗುಂಡಿಯ ಅಂಚಿನಲ್ಲಿದ್ದ ಬೀರಯ್ಯ ತಿರುಗಿ ನಕ್ಕ. "ಏನಂದ್ರು?"

ಸಿದ್ದಲಿಂಗಮ್ಮ ಅವನಿಗೆ ಎದುರಾಗಿ ನಿಂತಳು. ದನಿ ತೆಗೆಯದೆ, ಬರೀ ತುಟಿಯಾಡಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅವನ ನಗು ನಿಂತಿತು.

ಬೀರಯ್ಯನ ಕಿವಿ ಪೂರ್ತಿ ಕೆಟ್ಟು ನಾಲ್ಕು ವರ್ಷವಾಗಿತ್ತು. ಅಷ್ಟು ದಿನವೂ ಮೈಸೂರಿನ ಪೈಪುಗಳಿಗೆ ಕಿವಿಗೊಟ್ಟವಳು ಅವಳೇ.