ಹತ್ತು ನಿಮಿಷ ಏನೂ ಮಾಡಬೇಡಿ

ಮೂರು ಗಂಟೆ ಎರಡು ನಿಮಿಷಕ್ಕೆ ದ್ವೀಪದ ಲ್ಯಾಪ್‌ಟಾಪ್ ಪೂರ್ತಿ ಕೈತಪ್ಪಿತು. ಅಲ್ಲಿಯವರೆಗೆ ವಿಡಿಯೊ ಮಾತ್ರ ಬರುತ್ತಿರಲಿಲ್ಲ. ಈಗ ಪಟ್ಟಣದ ಆಸ್ಪತ್ರೆಯಲ್ಲಿ ಕುಳಿತಿದ್ದ ಅಕ್ಕನ ಪರದೆಯ ಮೇಲೆ ಅಕ್ಷರಗಳೂ ನಿಂತುಹೋದವು. ಕೊನೆಯ ಆಜ್ಞೆ ಕೊಟ್ಟವಳು ಅವಳೇ.

"ಏನ್ ಮಾಡಿದ್ರಿ?" ಬೆನ್ನ ಹಿಂದೆ ನಿಂತಿದ್ದ ಮೇಲ್ವಿಚಾರಕರು ಕೇಳಿದರು.

"ದಾರಿ ಕಟ್ ಮಾಡ್ಕೊಂಡೆ," ಎಂದಳು ಅಕ್ಕ.

ಆಸ್ಪತ್ರೆಯ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವ ಅವಳನ್ನು ಎಲ್ಲರೂ ಕರೆಯುವುದೇ ಅಕ್ಕ ಎಂದು. ದ್ವೀಪದ ಆರೋಗ್ಯ ಕೇಂದ್ರದಲ್ಲಿ ಇರುವುದು ಒಬ್ಬ ನರ್ಸ್, ಒಂದು ಸ್ಕ್ಯಾನಿಂಗ್ ಯಂತ್ರ, ಲಿನಕ್ಸ್ ಹಾಕಿದ ಒಂದು ಹಳೆಯ ಲ್ಯಾಪ್‌ಟಾಪ್. ಅಲ್ಲಿ ಎಂಟು ತಿಂಗಳ ಬಸುರಿಯೊಬ್ಬಳು ರಕ್ತಸ್ರಾವವಾಗಿ ಮಲಗಿದ್ದಳು. ಸ್ಕ್ಯಾನ್ ನೋಡಿ ಪಟ್ಟಣದ ತಜ್ಞೆ ಹೇಳಬೇಕು: ಅಲ್ಲೇ ಇರಲೋ, ದೋಣಿ ಹತ್ತಿಸುವುದೋ. ಎರಡು ಗಂಟೆಯ ಪ್ರಯಾಣ. ನೋಡದೆ ಹತ್ತಿಸುವಂತಿಲ್ಲ, ನೋಡದೆ ಉಳಿಸಿಕೊಳ್ಳುವಂತೆಯೂ ಇಲ್ಲ. ದಿನದ ಕೊನೆಯ ದೋಣಿ ಮೂರೂವರೆಗೆ.

ಲ್ಯಾಪ್‌ಟಾಪ್‌ಗೆ ಎರಡು ದಾರಿಗಳಿದ್ದವು. ಒಂದು, ಚಾವಣಿಯ ಇಂಟರ್ನೆಟ್ ಡಿಶ್‌ನಿಂದ ಬರುವ ಕೇಬಲ್. ಇನ್ನೊಂದು, ಫೋನಿನ ಮಾತು ಮತ್ತು ಅಕ್ಷರಗಳನ್ನಷ್ಟೇ ಹೊರಬಲ್ಲ ಬಡಕಲು ಮೊಬೈಲ್ ಸಿಗ್ನಲ್. ಕೇಬಲ್ ಸಿಕ್ಕಿಸಿಯೇ ಇತ್ತು, ಹಸಿರು ದೀಪವೂ ಉರಿಯುತ್ತಿತ್ತು. ಆದರೂ ಲ್ಯಾಪ್‌ಟಾಪ್ ಮೊಬೈಲ್ ದಾರಿಯನ್ನೇ ಹಿಡಿದಿತ್ತು. ಅಕ್ಕ ಅದೇ ದಾರಿಯಿಂದ ಒಳಹೊಕ್ಕು, ಇನ್ನು ಮೇಲೆ ಎಲ್ಲವೂ ಡಿಶ್ ಮೂಲಕವೇ ಹೋಗಲಿ ಎಂದು ಬರೆದಳು. ಲ್ಯಾಪ್‌ಟಾಪ್ ಹೇಳಿದ ಮಾತು ಕೇಳಿತು. ಡಿಶ್ ದಾರಿ ಎಲ್ಲಿಗೂ ಹೋಗುತ್ತಿರಲಿಲ್ಲ. ಅಕ್ಕನಿಗೆ ಬರಬೇಕಾದ ಉತ್ತರಗಳೂ ಅಲ್ಲೇ ಬಿದ್ದವು.

ಮೇಜಿನ ಫೋನ್ ಬಡಿದುಕೊಂಡಿತು. ನರ್ಸ್.

"ಅಕ್ಕ, ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ?"

"ಮಾಡಿಸ್ರೀ, ಬೇಗ," ಎಂದರು ಮೇಲ್ವಿಚಾರಕರು.

"ಬೇಡ ಸಿಸ್ಟರ್," ಎಂದಳು ಅಕ್ಕ. "ಹತ್ತು ನಿಮಿಷ ಏನೂ ಮಾಡ್ಬೇಡಿ. ಬಟನ್ನು, ಕೇಬಲ್ಲು, ಯಾವ್ದನ್ನೂ ಯಾರೂ ಮುಟ್ಟೋ ಹಾಗಿಲ್ಲ."

"ಇಲ್ಲಿ ಇವಳ ಅತ್ತೆ ಸುಮ್ನಿರ್ತಿಲ್ಲ. ಅವರ ಮನೆ ಟಿವಿ ಎರಡು ತಟ್ಟಿದ್ರೆ ಸರಿಹೋಗುತ್ತಂತೆ."

"ಮನೆಗೆ ಹೋಗಿ ಟಿವೀನೇ ತಟ್ಟಲಿ."

ಮೇಲ್ವಿಚಾರಕರ ಧ್ವನಿ ಏರಿತು. "ಹತ್ತು ನಿಮಿಷ ಕೈ ಕಟ್ಕೊಂಡು ಕೂರೋದಾ? ದೋಣಿ ಕಾಯುತ್ತಾ?"

ಸೆಟ್ಟಿಂಗ್ ಬದಲಿಸುವ ಮೊದಲೇ ಅಕ್ಕ ಹಳೆಯದರ ಪ್ರತಿ ತೆಗೆದಿಟ್ಟು, ಲ್ಯಾಪ್‌ಟಾಪ್‌ಗೆ ಒಂದು ಸೂಚನೆ ಕೊಟ್ಟಿದ್ದಳು: ಹತ್ತು ನಿಮಿಷದೊಳಗೆ ನಾನು ಬಂದು ಬೇಡ ಎನ್ನದಿದ್ದರೆ, ಹಳೆಯದನ್ನೇ ವಾಪಸ್ ಹಾಕಿಕೋ. ಆ ಸೂಚನೆ ಈಗ ದ್ವೀಪದಲ್ಲಿ ಒಂದೊಂದೇ ಸೆಕೆಂಡ್ ಎಣಿಸುತ್ತಿತ್ತು. ಆಫ್ ಮಾಡಿದರೆ ಸೂಚನೆ ಅಳಿಸಿಹೋಗುತ್ತದೆ, ತಪ್ಪು ಸೆಟ್ಟಿಂಗ್ ಮಾತ್ರ ಉಳಿಯುತ್ತದೆ. ಇಷ್ಟನ್ನು ಅವಳು ಎರಡು ಮಾತಿನಲ್ಲಿ ಹೇಳಿದಳು.

"ವಾಪಸ್ ಬರದಿದ್ರೆ?"

"ವರದಿಯಲ್ಲಿ ನನ್ನ ಹೆಸರು ಬರೀರಿ ಸಾರ್."

ಅಷ್ಟು ಹೇಳಿ ಮತ್ತೆ ಫೋನ್‌ಗೆ ತಿರುಗಿದಳು. "ಸಿಸ್ಟರ್, ನಿನ್ನೆ ಮೊನ್ನೆ ಆ ಡಿಶ್ ಹತ್ರ ಯಾರಾದ್ರೂ ಬಂದಿದ್ರಾ?"

"ನಿನ್ನೆ ಸಂಜೆ ಅದರ ರಿಪೇರಿಯವರು ಬಂದಿದ್ರು. ಕೇಬಲ್ ಸಿಕ್ಕಿಸೋ ಕಪ್ಪು ಬಾಕ್ಸ್ ಬಿಚ್ಚಿ ಬಿಳೀದು ಹಾಕಿ ಹೋದ್ರು. ಯಾಕಕ್ಕ?"

ಅಕ್ಕ ಒಂದು ಕ್ಷಣ ಕಣ್ಣು ಮುಚ್ಚಿದಳು. "ಇದನ್ನ ನಾನು ಮೊದಲೇ ಕೇಳ್ಬೇಕಿತ್ತು. ಆ ಬಾಕ್ಸ್ ಬೆನ್ನಿಗೆ ಒಂದು ಚೀಟಿ ಅಂಟಿಸಿರ್ತಾರೆ. ಮುಟ್ಟದೆ, ಬಗ್ಗಿ ಓದಿ."

ನರ್ಸ್ ಟಾರ್ಚ್ ಬಿಟ್ಟು ಓದಿದಳು: ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಎಂಟು, ಒಂದು. ಹೊಸ ಬಾಕ್ಸಿನ ವಿಳಾಸ ಅದು. ಲ್ಯಾಪ್‌ಟಾಪ್ ಇನ್ನೂ ಹಳೆಯ ಬಾಕ್ಸಿನ ವಿಳಾಸಕ್ಕೆ ಹೋಗಿ ಖಾಲಿ ಮನೆಯ ಬಾಗಿಲು ಬಡಿಯುತ್ತಿತ್ತು.

ಮೂರು ಹನ್ನೆರಡು ಆಯಿತು. ಏನೂ ಆಗಲಿಲ್ಲ. ಮೇಲ್ವಿಚಾರಕರು ಫೋನ್‌ಗೆ ಕೈ ಚಾಚಿದರು. ಅಕ್ಕ ಅವರ ಕಡೆ ನೋಡಲಿಲ್ಲ. ಇನ್ನೂ ಹದಿನೈದು ಸೆಕೆಂಡ್ ಕಳೆದ ಮೇಲೆ ಪರದೆಯಲ್ಲಿ ಒಂದು ಸಾಲು ಮೂಡಿತು. ಲ್ಯಾಪ್‌ಟಾಪ್ ತಾನಾಗಿ ಹಳೆಯ ದಾರಿಗೆ ಮರಳಿತ್ತು.

ಬೇರೆ ಯಾರೇ ಆಗಿದ್ದರೂ ಹೊಸ ವಿಳಾಸವನ್ನು ಬರೆದೇಬಿಡುತ್ತಿದ್ದರು. ಅಕ್ಕ ಮೊದಲು ಆ ಸೂಚನೆಯನ್ನೇ ಇನ್ನೊಮ್ಮೆ ಬರೆದಳು. ಈ ಸಲ ಮೂರು ನಿಮಿಷದ್ದು.

"ಮತ್ತೆ ಅದ್ಯಾಕ್ರೀ? ನಂಬರ್ ಸಿಕ್ಕಿದೆಯಲ್ಲ."

"ನಂಬರ್ ಸರಿಯಾಗೇ ಇರ್ಬಹುದು ಸಾರ್. ಟೈಪ್ ಮಾಡೋ ಬೆರಳು ನಂದೇ ಅಲ್ವಾ?"

ಮೂರು ಹದಿನಾರಕ್ಕೆ ವಿಡಿಯೊ ತೆರೆದುಕೊಂಡಿತು. ಮೊದಲು ಕಂಡದ್ದು ನರ್ಸಿನ ಬೆನ್ನು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಬಸ್ಸಿಗೆ ಅಡ್ಡ ನಿಂತವರ ಹಾಗೆ ಎರಡೂ ಕೈ ಅಗಲಿಸಿ ಅವಳು ಲ್ಯಾಪ್‌ಟಾಪ್‌ನ ಮುಂದೆ ನಿಂತಿದ್ದಳು. ಅವಳ ಭುಜದ ಆಚೆ ಅತ್ತೆಯ ಅರ್ಧ ಮುಖ ಕಾಣುತ್ತಿತ್ತು.

ಅಕ್ಕ ಸೂಚನೆಯನ್ನು ರದ್ದು ಮಾಡಿ ಕುರ್ಚಿಯನ್ನು ತಜ್ಞೆಗೆ ಬಿಟ್ಟುಕೊಟ್ಟಳು. ತಜ್ಞೆ ನಾಲ್ಕು ನಿಮಿಷ ಸ್ಕ್ಯಾನ್ ನೋಡಿದರು. "ಮಾಸು ಕೆಳಗೆ ಅಡ್ಡ ಕೂತಿದೆ. ಹೆರಿಗೆ ಅಲ್ಲಿ ಆಗೋ ಹಾಗಿಲ್ಲ. ದೋಣಿ ಹತ್ತಿಸಿ, ನೀವೂ ಜೊತೆಗೆ ಬನ್ನಿ," ಎಂದು ಎದ್ದವರೇ ಶಸ್ತ್ರಚಿಕಿತ್ಸೆಯ ಕೋಣೆ ಸಿದ್ಧಮಾಡಿಸಲು ಹೋದರು.

ಮೂರು ಇಪ್ಪತ್ತನಾಲ್ಕಕ್ಕೆ ಸ್ಟ್ರೆಚರ್ ಬಾಗಿಲು ದಾಟಿತು. ದೋಣಿ ನಿಲ್ಲುವ ಧಕ್ಕೆ ಎದುರಿಗೇ ಇತ್ತು. ದೋಣಿಯ ಎಂಜಿನ್ ಸದ್ದು ಏರಿ ದೂರವಾಗುವುದು ಖಾಲಿ ಕೋಣೆಯ ಲ್ಯಾಪ್‌ಟಾಪ್‌ನಿಂದಲೇ ಕೇಳಿಸಿತು.

ಮೇಲ್ವಿಚಾರಕರು ಒಂದು ಕುರ್ಚಿ ಎಳೆದುಕೊಂಡು ಕುಳಿತರು. ಆಮೇಲೆ ಕೇಳಿದರು: "ಅಲ್ರೀ, ತಪ್ಪಾಗುತ್ತೆ ಅಂತ ನಿಮಗೆ ಮೊದಲೇ ಹೇಗೆ ಗೊತ್ತಿತ್ತು?"

"ಹದಿನೆಂಟು ವರ್ಷದಿಂದ ನನ್ನ ಜೊತೆಗೇ ಕೆಲಸ ಮಾಡ್ತಿದ್ದೀನಲ್ಲ ಸಾರ್," ಎಂದಳು ಅಕ್ಕ.