ಅತ್ತೆಯ ಹೂಂ

ನಡುರಾತ್ರಿ ಕಂಪ್ಯೂಟರಿನ ಪರದೆ ಟಿಣ್ ಎಂದಿತು. ನೀಲಾಂಬಿಕೆ ಎದ್ದು ಕೂತಳು. ಯಾವ ಕೆಲಸದ ನಂತರ ಯಾವುದು ಎಂದು ಪರದೆಯ ಮೇಲೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಗೆರೆ ಎಳೆದು ತೋರಿಸಿ ಊರವರೆಲ್ಲ ತಮ್ಮ ವ್ಯವಹಾರವನ್ನು ಯಂತ್ರಕ್ಕೆ ಒಪ್ಪಿಸಿದ್ದರೂ, ಮನುಷ್ಯರೊಬ್ಬರು ‘ಹೂಂ’ ಎನ್ನದೆ ಯಾವುದೂ ಮುಂದೆ ಸಾಗುತ್ತಿರಲಿಲ್ಲ. ಬೇಕರಿಯೊಂದರ ಪರವಾಗಿ ಮನೆಯಿಂದಲೇ ಹೂಂಗುಟ್ಟುವುದು ಅವಳ ನೌಕರಿ.

“ಹುಸೇನ್‌ಬಿ ಬೇಕರಿಯ ರಾತ್ರಿ ಪಾಳಿಗೆ ಇವತ್ತೂ ತಡವಾಗಿ ಬಂದಿದ್ದಾರೆ. ನಿಯಮದಂತೆ ಕೆಲಸದಿಂದ ತೆಗೆಯಬೇಕು. ನಿಯಮ ಮೀರಿ ಮನ್ನಿಸಬಹುದೇ?” ಎಂದು ಯಂತ್ರ ಕೇಳಿತು.

ಹುಸೇನ್‌ಬಿಯ ಮಗಳು ಆಸ್ಪತ್ರೆಯಲ್ಲಿರುವುದು ನೀಲಾಂಬಿಕೆಗೆ ಗೊತ್ತಿತ್ತು. ಆದರೆ ಈ ನೌಕರಿಯಲ್ಲಿ ಹಿಂದೆ ಇದ್ದವಳು ಹೀಗೆ ಮನ್ನಿಸಿಯೇ ಕೆಲಸ ಕಳೆದುಕೊಂಡಿದ್ದಳು.

ಪಕ್ಕದ ಹಾಸಿಗೆಯಿಂದ “ಹೂಂ” ಎಂದು ಕೇಳಿಸಿತು. ಯಾರು ಏನೇ ಕೇಳಿದರೂ ನಿದ್ದೆಯಲ್ಲೂ ಹೂಂಗುಟ್ಟುವುದು ಅತ್ತೆ ಶಾಂತವ್ವನ ಜನ್ಮದ ಅಭ್ಯಾಸ.

“ಈ ದನಿ ನಿಮ್ಮದೇ?” ಯಂತ್ರ ವಿಚಾರಿಸಿತು.

ಅಲ್ಲ ಎಂದರೆ ತನ್ನ ನೌಕರಿ ಉಳಿಯುತ್ತಿತ್ತು, ಹುಸೇನ್‌ಬಿಯದು ಹೋಗುತ್ತಿತ್ತು.

“ಹೂಂ,” ಎಂದಳು ನೀಲಾಂಬಿಕೆ.

ಶಾಂತವ್ವ ಮಗ್ಗುಲಾದಳು. “ಯಾರ ಜೋಡಿ ಮಾತಾಡಾಕತ್ತಿಯವ್ವಾ? ನಾ ಏನರ ಅಂದ್ನೇನ?”

“ಏನೂ ಅಂದಿಲ್ಲ ಬಿಡ್ರಿ ಅತ್ತಿ, ಮಲಕೋರಿ.”

ಬೆಳಿಗ್ಗೆ ಮಾಲೀಕರು ಕೇಳಿದರೆ ಮನ್ನಿಸಿದವಳು ತಾನೇ ಎನ್ನಬೇಕು. ಮೊದಲ ಹೂಂ ಯಾರದೆಂಬುದನ್ನು ಮಾತ್ರ ಯಾರಿಗೂ, ಹುಸೇನ್‌ಬಿಗೂ, ಹೇಳಬಾರದೆಂದುಕೊಂಡು ಅವಳು ದೀಪ ಆರಿಸಿದಳು.