ಹಿಪ್ಪೆ ಮರಕ್ಕೆ ನಾನು ಹೇಳಿದ ಸಾಕ್ಷಿ

ಪಕ್ಕದ ಮನೆಯಲ್ಲಿ ಬಡಗಿ ಸಾಗುವಾನಿ ಬಾಗಿಲು ಹೆರೆಯುತ್ತಿದ್ದಾನೆ. ಆ ವಾಸನೆಗೆ ಮರಾಠಿ ಸೀಮೆಯ ಮುಲುಂಡದ ಗುಡ್ಡದಲ್ಲಿ ಕಳೆದ ಬಾಲ್ಯದ ಒಂದು ಮಧ್ಯಾಹ್ನ ನೆನಪಾಗಿ ಕೂರಲಾಗುತ್ತಿಲ್ಲ.

ಧಾರವಾಡದಿಂದ ಅಲ್ಲಿಗೆ ಬಂದ ನನ್ನ ಅಪ್ಪ ಕಟ್ಟಿಗೆ ಗುತ್ತಿಗೆದಾರನ ಬಳಿ ಗುಮಾಸ್ತನಾಗಿದ್ದ. ಒಣಗಿದ ಮರವನ್ನಷ್ಟೇ ಕಡಿಯಲು ಪರವಾನಗಿ ಇತ್ತು. ಆದರೆ ವರ್ಷವರ್ಷವೂ ಹಿಪ್ಪೆ, ಮತ್ತಿ ಮರಗಳೇ ಒಣಗುತ್ತಿದ್ದವು. ಆ ಜಾಗದಲ್ಲೆಲ್ಲ ಸಾಗುವಾನಿ ನೆಡುತ್ತಿದ್ದರು. ಬೆಳಗಾವಿ ಕಡೆಯವನಾದ ಫಾರೆಸ್ಟ್ ಗಾರ್ಡ್‌ಗೆ ಎಲ್ಲರ ಮೇಲೂ ಸಂಶಯ.

ಆ ದಿನ ನಮ್ಮೊಂದಿಗೆ ಗುಡ್ಡ ಸುತ್ತುತ್ತ ಅವನು ಒಂದು ಹಿಪ್ಪೆ ಮರದ ಮುಂದೆ ನಿಂತ. ಬುಡದ ಸುತ್ತ ಗೇಣಗಲ ತೊಗಟೆ ಸುಲಿದು, ಹಸಿ ಹಾಲು ಇಳಿಯುತ್ತಿತ್ತು. ಹಾಗೆ ಸುಲಿದರೆ ಮರ ನಿಂತಲ್ಲೇ ಒಣಗಿ ಸಾಯುತ್ತದೆ. ಕೆಳಗೆ ವಾರ್ಲಿ ಬುಡಕಟ್ಟಿನ ಮುದುಕಿಯೊಬ್ಬಳು ಉದುರಿದ ಹೂ ಆಯುತ್ತಿದ್ದಳು.

"ಆಕಿ ಸೊಂಟದಾಗ ಕುಡಗೋಲ ನೋಡ್ರಿ," ಎಂದ ಅಪ್ಪ.

"ಇದರ ಹೂ ತಿಂದು ಬದುಕೋರು ನಾವು. ಇದನ್ನ ಯಾಕೆ ಕೊಲ್ಲಲಿ, ಸಾಹೇಬ?" ಎಂದು ಅವಳು ಮರಾಠಿಯಲ್ಲಿ ಕೇಳಿದಳು.

"ತಿಂದಲ್ಲ, ಸೆರೆ ಇಳಿಸಿ ಕುಡದು!" ಎಂದು ನಕ್ಕು ಗಾರ್ಡ್ ನನ್ನತ್ತ ತಿರುಗಿದ. "ತಮ್ಮಾ, ನೀ ಸಾಲಿ ಕಲಿಯೋ ಹುಡುಗ. ಖರೇ ಹೇಳು, ಯಾರು ಕೆತ್ತಿದ್ದು?"

ಒಂದು ತಾಸಿನ ಹಿಂದೆ ನನ್ನನ್ನು ಕಾವಲಿಗೆ ನಿಲ್ಲಿಸಿ ಅಪ್ಪನೇ ಕೆತ್ತಿದ್ದ. ನಾನು ಮುದುಕಿಯತ್ತ ಬೆರಳು ತೋರಿಸಿದೆ.

ಗಾರ್ಡ್ ಕುಡಗೋಲು ಕಿತ್ತುಕೊಂಡು, ಇನ್ನು ಗುಡ್ಡ ಹತ್ತಿದರೆ ಜೈಲು ಎಂದ. ಅವಳು ಅಳಲಿಲ್ಲ. ಅಪ್ಪನ ಬೆರಳುಗಳ ಸಂದಿಯಲ್ಲಿ ಒಣಗುತ್ತಿದ್ದ ಬಿಳಿ ಹಾಲನ್ನೇ ನೋಡುತ್ತ ನಿಂತಳು. ಗಾರ್ಡ್ ಕೂಡ ಅತ್ತ ನೋಡುವ ಮೊದಲೇ ನಾನು ಅಪ್ಪನ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದುಕೊಂಡೆ.